ಮುಳ್ಳು ಎಣಿಸಿದ ಹುಡುಗಿ

ಬೇಸಿಗೆ ರಜೆಗೆ ನನ್ನ ಲ್ಯಾಬಿಗೆ ಒಬ್ಬಿಬ್ಬರು ಬಿ.ಎಸ್ಸಿ. ಮಕ್ಕಳು ಬರುತ್ತಾರೆ, ಎರಡು ತಿಂಗಳ ಮಟ್ಟಿಗೆ. ಬಂದ ದಿನ ಎಲ್ಲರ ಕಣ್ಣೂ ದೊಡ್ಡ ಮೆಷೀನುಗಳ ಮೇಲೆ. ನಾನು ಕೊಡುವುದು ಮಾತ್ರ ಹಳೇ ಮೈಕ್ರೋಸ್ಕೋಪು. ಮುಖ ಬಾಡುವುದು ಗೊತ್ತಾಗುತ್ತದೆ.

ಈ ಸಲ ಬಂದವಳು ಅರಸೀಕೆರೆ ಕಡೆಯ ಹುಡುಗಿ. ಅವಳ ಮುಂದೆ ಇಟ್ಟಿದ್ದು ಇಲಿ ಮಿದುಳಿನ ತೆಳು ಚೂರು, ಗಾಲ್ಗಿ ಬಣ್ಣ ಹಿಡಿಸಿದ್ದು. ಇಟಲಿಯ ಗಾಲ್ಗಿ 1873ರಲ್ಲಿ ಪ್ರಕಟಿಸಿದ ಉಪಾಯ. ನೂರು ನರಕೋಶ ಇದ್ದರೆ ಬೆರಳೆಣಿಕೆಯಷ್ಟು ಮಾತ್ರ ಬಣ್ಣ ಹಿಡಿಯುತ್ತವೆ. ಎಲ್ಲವೂ ಹಿಡಿದಿದ್ದರೆ ಬರೀ ಮಸಿ ಕಾಣುತ್ತಿತ್ತು, ಅಲ್ವಾ?

ಕಣ್ಣಿಟ್ಟು ನೋಡಿದವಳು, "ಮೇಡಂ, ನಮ್ಮ ಹೊಲದ ಬದುವಿನ ಜಾಲಿ ಕೊಂಬೆ ಥರ ಇದೆ" ಅಂದಳು.

"ಹೌದಲ್ಲ? ಈಗ ಮುಳ್ಳು ಎಣಿಸು."

ಆ ಒಂದೊಂದು ಮುಳ್ಳೂ ಸಾಮಾನ್ಯವಾಗಿ ಇನ್ನೊಂದು ನರಕೋಶದ ಸುದ್ದಿ ಬಂದು ಮುಟ್ಟುವ ಜಾಗ. ಒತ್ತಡ ಜಾಸ್ತಿಯಾದರೆ ಕೊಂಬೆಗಳೇ ಬದಲಾಗುತ್ತವೆ. ನಮ್ಮ ಬೆಂಗಳೂರಿನಲ್ಲೇ ನಡೆದು 2002ರಲ್ಲಿ ಪ್ರಕಟವಾದ ಕೆಲಸ ಇದೆ: ಇಲಿಗಳನ್ನು ದಿನಕ್ಕೆ 2 ಗಂಟೆ ಅಲ್ಲಾಡದಂತೆ ಹಿಡಿದಿಟ್ಟರು, 10 ದಿನ. ನೆನಪಿಗೆ ಬೇಕಾದ ಮಿದುಳಿನ ಭಾಗ ಹಿಪೊಕ್ಯಾಂಪಸ್ಸಿನಲ್ಲಿ ಕೊಂಬೆಗಳು ಕುಗ್ಗಿದವು. ಭಯದ ಜಾಗ ಅಮಿಗ್ಡಲಾದಲ್ಲಿ ಉಲ್ಟಾ, ಬೆಳೆದವು.

ಅವಳ ಮುಂದಿದ್ದ ಸ್ಲೈಡುಗಳಲ್ಲೂ ಕೆಲವು ಒತ್ತಡದ ಇಲಿಗಳದ್ದು, ಕೆಲವು ಆರಾಮಾಗಿದ್ದ ಇಲಿಗಳದ್ದು. ಯಾವುದು ಯಾವುದರದ್ದು ಅಂತ ಎಣಿಸುವವರಿಗೆ ಗೊತ್ತಿರಬಾರದು; ಗೊತ್ತಿದ್ದರೆ ಕಣ್ಣು ತನಗೆ ಬೇಕಾದ್ದನ್ನೇ ಎಣಿಸುತ್ತದೆ. ಬರೀ ಕೋಡ್ ನಂಬರು. ಪಟ್ಟಿ ನನ್ನ ಡ್ರಾಯರಿನಲ್ಲಿ. ಮೂರನೇ ವಾರ ಅವಳು ತಂದ ಗ್ರಾಫು ಎಷ್ಟು ಚೆನ್ನಾಗಿತ್ತೆಂದರೆ ನನಗೆ ಹೊಟ್ಟೆ ಚುರ್ ಅಂದಿತು. ಇಲಿ ಅಷ್ಟು ನೀಟಾಗಿ ಯಾರ ಮಾತೂ ಕೇಳುವುದಿಲ್ಲ. ಹೇಗೆ ಎಣಿಸಿದೆ ಅಂತ ಅವಳನ್ನೇ ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಡಬ್ಬಿ ಮೇಲಿನ ಚೀಟಿ ನೋಡ್ಬಿಟ್ಟೆ ಮೇಡಂ" ಅಂದಳು. ಕಣ್ಣಲ್ಲಿ ನೀರು. ಬೈಯೋಣ ಅಂದರೆ ಆ ಚೀಟಿ ಕಿತ್ತು ಹಾಕಬೇಕಾಗಿದ್ದವಳು ನಾನೇ.

ಟೀ ಕುಡಿದು ಬಂದೆವು. ಹೊಸ ಕೋಡ್ ಹಾಕಿಸಿದೆ. ಮೊದಲಿಂದ ಎಣಿಸಿದಳು. ಈ ಸಲ ವ್ಯತ್ಯಾಸ ಅರ್ಧಕ್ಕೆ ಇಳಿದಿತ್ತು. ಅವಳಿಗೆ ಬೇಜಾರು, ನನಗೆ ನೆಮ್ಮದಿಯ ನಿದ್ದೆ ಬಂತು.

ಹೋಗುವ ದಿನ ಒಂದು ಚೀಲ ಕೊಬ್ಬರಿ ಕೊಟ್ಟಳು. ಲ್ಯಾಬ್ ಪುಸ್ತಕ ಟೇಬಲ್ ಮೇಲಿಟ್ಟಳು. ಕೊನೇ ಪುಟದಲ್ಲಿ ಹೀಗಿತ್ತು: "ಸ್ಲೈಡ್ 14. ಮುಳ್ಳೋ ಧೂಳೋ ಗೊತ್ತಾಗಲಿಲ್ಲ. ಲೆಕ್ಕಕ್ಕೆ ಹಿಡಿದಿಲ್ಲ."

ಕೆಳಗೆ ಸಹಿ ಹಾಕಿದೆ.