ಹೊಳಪಿನ ಚಕ್ರ ಯಾವ ಅಧ್ಯಾಯದ್ದು?

ಇನ್‌ವಾಯ್ಸ್‌ನಲ್ಲಿ ಇದ್ದದ್ದು ಒಂದೇ ಸಾಲು: ‘ಪಾಲಿಶಿಂಗ್ ವೀಲ್, ವಿವಿಧ ಬಗೆ, 340’. ಅದರ ಪಕ್ಕದಲ್ಲಿ, ಸರಕು ಯಾವ ಬಗೆಯದೆಂದು ಕಸ್ಟಮ್ಸ್‌ಗೆ ಹೇಳುವ ಸುಂಕಪಟ್ಟಿಯ ಒಂದೇ ಸಂಖ್ಯೆ, 6804.22. ಸರಕು ಕಳುಹಿಸಿದವರು ಬರೆದ ಆ ಸಂಖ್ಯೆಯನ್ನು ನಾನು ಹಾಗೆಯೇ ಆಮದು ಘೋಷಣೆಗೆ ಇಳಿಸಿದೆ. ಪೆಟ್ಟಿಗೆಗಳು ಬಂದರಿನಲ್ಲಿ ಹನ್ನೊಂದು ದಿನ ಕುಳಿತವು. ಕೊನೆಗೆ ತಪಾಸಣೆಯ ಅಧಿಕಾರಿ ಒಂದು ಪೆಟ್ಟಿಗೆ ಬಿಚ್ಚಿಸಿ, ಹತ್ತಿಬಟ್ಟೆಯ ಚಕ್ರವೊಂದನ್ನು ಮೇಜಿನ ಮೇಲಿಟ್ಟು, “ಮೇಡಂ, ಇದರಲ್ಲಿ ಕಲ್ಲು ಎಲ್ಲಿದೆ ತೋರಿಸಿ” ಎಂದರು. ತೋರಿಸಲು ಏನೂ ಇರಲಿಲ್ಲ.

ಆ ಮಾತು ನನ್ನನ್ನು ಚುಚ್ಚಿತು. ಏಕೆಂದರೆ ಆ ಚಕ್ರ ನನಗೆ ಹೊಸದಲ್ಲ. ಕಸ್ಟಮ್ಸ್ ಕಾಗದಪತ್ರದ ಕೆಲಸಕ್ಕೆ ಬರುವ ಮೊದಲು ಎರಡು ವರ್ಷ ಲೋಹದ ಸಾಮಾನು ಮಾಡುವ ಕಾರ್ಖಾನೆಯೊಂದರ ಪಾಲಿಶ್ ವಿಭಾಗದಲ್ಲಿ ಲೆಕ್ಕ ಬರೆಯುತ್ತಿದ್ದೆ. ಬಿಡುವು ಸಿಕ್ಕಾಗಲೆಲ್ಲ ಮೇಸ್ತ್ರಿಯವರ ಪಕ್ಕದಲ್ಲಿ ನಿಂತು ಕೆಲಸ ನೋಡುತ್ತಿದ್ದೆ, ಅವರು ಒಪ್ಪಿದ ದಿನ ಒಂದೆರಡು ಹಿಡಿಕೆಗಳಿಗೆ ನಾನೇ ಹೊಳಪು ಕೊಡುತ್ತಿದ್ದೆ. “ನೋಡಮ್ಮ, ಬಟ್ಟೆ ತಾನಾಗಿ ಏನನ್ನೂ ತೇಯುವುದಿಲ್ಲ. ತೇಯುವುದು ನಾವು ಹಚ್ಚುವ ಮೇಣ” ಎಂದು ಅವರು ಮೊದಲ ದಿನವೇ ಹೇಳಿದ್ದರು. ಅಧಿಕಾರಿ ನನ್ನನ್ನು ಕೇಳಿದ್ದೂ ಅದನ್ನೇ.

ಮೇಸ್ತ್ರಿ ಮೇಣ ಎನ್ನುತ್ತಿದ್ದದ್ದು ಕೊಬ್ಬಿನಲ್ಲಿ ನುಣ್ಣನೆಯ ಪುಡಿ ಕಲಸಿ ಎರಕ ಹೊಯ್ದ ಬಿಲ್ಲೆಯನ್ನು. ಕಂದು ಬಣ್ಣದ್ದು ಟ್ರಿಪೊಲಿ, ಅಂದರೆ ಸಿಲಿಕಾದ ಮೃದುವಾದ ಪುಡಿ. ಹಿತ್ತಾಳೆ, ತಾಮ್ರ, ಅಲ್ಯೂಮಿನಿಯಮ್ಮಿನ ಗೀರುಗಳನ್ನು ಅಳಿಸಲು. ಹಸಿರು ಬಿಲ್ಲೆಯಲ್ಲಿರುವುದು ಕ್ರೋಮಿಯಂ ಆಕ್ಸೈಡ್. ಸ್ಟೇನ್‌ಲೆಸ್ ಸ್ಟೀಲಿಗೆ ಅದೇ ಬೇಕು. ಕೆಂಪಿನಲ್ಲಿರುವುದು ಕಬ್ಬಿಣದ ಆಕ್ಸೈಡ್, ಚಿನ್ನಬೆಳ್ಳಿಯ ಕೊನೆಯ ಹೊಳಪಿಗೆ. ತಿರುಗುವ ಚಕ್ರಕ್ಕೆ ಬಿಲ್ಲೆಯನ್ನು ಕ್ಷಣಕಾಲ ಒತ್ತಿದರೆ ಉಜ್ಜಿನ ಬಿಸಿಗೆ ಕೊಬ್ಬು ಕರಗಿ ಪುಡಿಯನ್ನು ಬಟ್ಟೆಗೆ ಅಂಟಿಸುತ್ತದೆ. ಒಂದು ಚಕ್ರಕ್ಕೆ ಒಂದೇ ಮೇಣ ಎಂಬುದು ಅಲ್ಲಿ ಮೀರಬಾರದ ನಿಯಮ. ಕೆಂಪು ಹಚ್ಚಿದ ಚಕ್ರಕ್ಕೆ ಒಮ್ಮೆ ಕಂದು ತಾಗಿದರೆ ಒರಟು ಕಣಗಳು ಬಟ್ಟೆಯಲ್ಲಿ ಉಳಿದು, ಕನ್ನಡಿಯಂತಾಗಬೇಕಾದ ಮೈಮೇಲೆ ಕೂದಲೆಳೆಯ ಗೀರು ಬೀಳುತ್ತದೆ.

ಚಕ್ರದ ವೇಗವನ್ನು ಒಮ್ಮೆ ಲೆಕ್ಕ ಹಾಕಿದ್ದೆ. 200 ಮಿಲಿಮೀಟರ್ ಅಡ್ಡಳತೆಯ ಚಕ್ರದ ಸುತ್ತಳತೆ ಸುಮಾರು 63 ಸೆಂಟಿಮೀಟರ್. ನಿಮಿಷಕ್ಕೆ 2,800 ಸುತ್ತು ತಿರುಗಿದರೆ ಅದರ ಅಂಚು ಸೆಕೆಂಡಿಗೆ 29 ಮೀಟರಿಗೂ ಹೆಚ್ಚು ಓಡುತ್ತದೆ. ನಿಂತಿದ್ದಾಗ ಜೋಲುವ ಬಟ್ಟೆಯ ಪದರಗಳು ಆ ವೇಗದಲ್ಲಿ ಹೊರಕ್ಕೆ ಸೆಳೆದುಕೊಂಡು ಬಿಗಿಯಾಗುತ್ತವೆ. ಹೊಲಿಗೆಯ ಸುತ್ತುಗಳು ಹತ್ತಿರ ಹತ್ತಿರವಿದ್ದರೆ ಚಕ್ರ ಇನ್ನೂ ಗಟ್ಟಿ, ಗೀರು ತೆಗೆಯಲು ಒಳ್ಳೆಯದು. ನಡುವೆ ಒಂದೇ ಸುತ್ತು ಹೊಲಿದ ಸಡಿಲ ಚಕ್ರ ಕೊನೆಯ ಹೊಳಪಿಗೆ. ಬೆರಳಲ್ಲಿ ಒತ್ತಿ ನೋಡಿಯೇ ಮೇಸ್ತ್ರಿ ಯಾವುದು ಯಾವ ಕೆಲಸಕ್ಕೆ ಎಂದು ಬೇರ್ಪಡಿಸುತ್ತಿದ್ದರು.

ಅಂಚು ಹಿಡಿಯುವ ರೀತಿಯನ್ನೂ ಹೇಳಲೇಬೇಕು; ಅದರಲ್ಲಿ ತಪ್ಪಿದರೆ ಗಾಯ ಖಚಿತ. ಚಕ್ರ ನಮ್ಮ ಮುಂದೆ ಮೇಲಿನಿಂದ ಕೆಳಕ್ಕೆ ತಿರುಗುತ್ತಿರುತ್ತದೆ. ವಸ್ತುವನ್ನು ಚಕ್ರದ ನಡುಮಟ್ಟಕ್ಕಿಂತ ಸ್ವಲ್ಪ ಕೆಳಗೆ ಹಿಡಿಯಬೇಕು. ಬಟ್ಟೆ ಅಂಚಿನ ಮೇಲಿಂದ ಜಾರಿ ಹೋಗಬೇಕು, ಅಂಚಿಗೆ ಎದುರಾಗಿ ಬಡಿಯಬಾರದು. ಮೇಲ್ಮುಖವಾದ ಅಂಚು ಚಕ್ರಕ್ಕೆ ಸಿಕ್ಕಿಬಿದ್ದರೆ ಚಮಚದಷ್ಟು ಚಿಕ್ಕ ವಸ್ತುವೂ ಕೈಯಿಂದ ಕಿತ್ತುಕೊಂಡು ಹಾರುತ್ತದೆ.

ಇಷ್ಟು ತಿಳಿದವಳು ಕಾಗದದ ಮುಂದೆ ಕುಳಿತಾಗ ಹೆಸರನ್ನು ನಂಬಿದೆ. ಆ ದಿನ ಗೋದಾಮಿನ ನೆಲದ ಮೇಲೆ ಪೆಟ್ಟಿಗೆಗಳನ್ನೆಲ್ಲ ಬಿಚ್ಚಿ, ಒಂದೊಂದು ಬಗೆಯನ್ನೂ ಮುಟ್ಟಿ ಎಣಿಸಿದೆ. ಹತ್ತಿಬಟ್ಟೆಯವು 150, ಕತ್ತಾಳೆ ನಾರಿನ ಸಿಸಾಲ್ ಬಟ್ಟೆಯವು 60, ಉಣ್ಣೆಯ ಫೆಲ್ಟಿನವು 40, ಎಮೆರಿ ಎಂಬ ತೇಯುವ ಪುಡಿ ಅಂಟಿಸಿದ ಬಟ್ಟೆಯ ಎಲೆಗಳನ್ನು ಹೂವಿನ ದಳಗಳಂತೆ ಜೋಡಿಸಿದ ಫ್ಲ್ಯಾಪ್ ವೀಲ್ 50, ಬೂದು ಬಣ್ಣದ ಗಟ್ಟಿ ಚಕ್ರ 30, ಉಕ್ಕಿನ ತಂತಿಯ ಚಕ್ರ 10. ಸುಂಕಪಟ್ಟಿಯ ಕಣ್ಣಿಗೆ ಇವು ನಾಲ್ಕು ಬೇರೆ ಬೇರೆ ಶೀರ್ಷಿಕೆಗಳು, ಅಂದರೆ ನಾಲ್ಕಂಕಿಯ ಗುಂಪುಗಳು; ಅದರ ಮೊದಲೆರಡು ಅಂಕಿ ಅಧ್ಯಾಯದ್ದು.

ಈ ಸಂಖ್ಯೆಗಳು ಬರುವುದು ವಿಶ್ವ ಕಸ್ಟಮ್ಸ್ ಸಂಸ್ಥೆಯ ಎಚ್‌ಎಸ್ (ಹಾರ್ಮೊನೈಸ್ಡ್ ಸಿಸ್ಟಮ್) ಎಂಬ ಸರಕು ವರ್ಗೀಕರಣ ಪದ್ಧತಿಯಿಂದ. 1988ರ ಜನವರಿ 1ರಂದು ಜಾರಿಗೆ ಬಂದ ಆ ಪದ್ಧತಿಯಲ್ಲಿ ಮೊದಲ ಆರು ಅಂಕಿಗಳು ಅದನ್ನು ಒಪ್ಪಿದ ದೇಶಗಳಿಗೆಲ್ಲ ಒಂದೇ. ಮುಂದಿನ ಅಂಕಿಗಳನ್ನೂ ಸುಂಕದ ದರವನ್ನೂ ಆಯಾ ದೇಶ ಸೇರಿಸಿಕೊಳ್ಳುತ್ತದೆ. ಅದರ ಮೊದಲ ಸಾಮಾನ್ಯ ನಿಯಮವೇ, ವರ್ಗೀಕರಣವು ಶೀರ್ಷಿಕೆಯ ಪದಗಳಿಗೂ ವಿಭಾಗ ಮತ್ತು ಅಧ್ಯಾಯಗಳ ಟಿಪ್ಪಣಿಗಳಿಗೂ ಅನುಸಾರವಾಗಿ ನಡೆಯಬೇಕು ಎನ್ನುತ್ತದೆ. ವ್ಯಾಪಾರದಲ್ಲಿ ಬಳಸುವ ಹೆಸರಿಗೆ ಅಲ್ಲಿ ಎರಡನೆಯ ಸ್ಥಾನ.

6804ರ ಪದಗಳನ್ನು ನಿಧಾನವಾಗಿ ಓದಿದರೆ ನನ್ನ ತಪ್ಪು ಕಾಣುತ್ತದೆ. ಅರೆಯಲು, ಹರಿತ ಮಾಡಲು, ಹೊಳಪು ಕೊಡಲು, ಕತ್ತರಿಸಲು ಬಳಸುವ, ಚೌಕಟ್ಟಿಲ್ಲದ ಚಕ್ರಗಳು ಅಲ್ಲಿ ಬರುತ್ತವೆ. ಹೊಳಪು ಎಂಬ ಪದ ಕಂಡೊಡನೆ ನಿಲ್ಲುವವರೇ ಹೆಚ್ಚು, ನಾನೂ ನಿಂತೆ. ವಾಕ್ಯ ಮುಂದೆ ಹೋಗಿ, ಅವು ನೈಸರ್ಗಿಕ ಕಲ್ಲಿನವು, ಬಂಧಕದಿಂದ ಒಟ್ಟುಗೂಡಿಸಿದ ತೇಯುವ ಹರಳಿನವು ಅಥವಾ ಸೆರಾಮಿಕ್‌ನವು ಆಗಿರಬೇಕು ಎನ್ನುತ್ತದೆ. ಬೂದು ಚಕ್ರ ಅಂಥದ್ದೇ. ಅದರ ಮೈಮೇಲೆ ‘ಎ 60 ಕೆ 5 ವಿ’ ಎಂದು ಅಚ್ಚಾಗಿತ್ತು: ಅಲ್ಯೂಮಿನಿಯಮ್ ಆಕ್ಸೈಡ್, 60ರ ಕಣ, ಕೆ ಎಂಬ ಗಡಸುತನ, 5ರ ರಚನೆ, ಗಾಜಿನಂತೆ ಸುಟ್ಟ ಬಂಧಕ. ಅದು 6804.22ಕ್ಕೇ ಸೇರುತ್ತದೆ. ಒಟ್ಟುಗೂಡಿಸಿದ ಹರಳು ವಜ್ರವಾಗಿದ್ದರೆ 6804.21.

ಬಟ್ಟೆಯ ಚಕ್ರ ಪೆಟ್ಟಿಗೆಯಿಂದ ಹೊರಬಂದಾಗ ಅದರಲ್ಲಿ ಒಂದು ಕಣ ಹರಳೂ ಇರುವುದಿಲ್ಲ. ಗಡಿ ದಾಟುವಾಗ ವಸ್ತು ಇರುವ ಸ್ಥಿತಿಯನ್ನೇ ನೋಡಬೇಕು. ಮುಂದೆ ಯಾರೋ ಹಚ್ಚುವ ಮೇಣವನ್ನು ಈಗಲೇ ಅದರ ಮೈಗೆ ಸೇರಿಸುವಂತಿಲ್ಲ. ಜವಳಿಯ 59ನೇ ಅಧ್ಯಾಯದ ಟಿಪ್ಪಣಿಯಲ್ಲಿ, ತಾಂತ್ರಿಕ ಬಳಕೆಯ ಜವಳಿ ವಸ್ತುಗಳ ಉದಾಹರಣೆಯಾಗಿ ಹೊಳಪು ಕೊಡುವ ಚಕ್ರಗಳನ್ನು, ‘ಪಾಲಿಶಿಂಗ್ ಡಿಸ್ಕ್’ ಎಂದು, ಹೆಸರಿಟ್ಟೇ ಹೇಳಿದ್ದಾರೆ. ಆ ಪದವನ್ನು ಅಲ್ಲಿ ಮೊದಲ ಸಲ ಕಂಡಾಗ ಹಳೆಯ ಪರಿಚಯದವರು ಸಿಕ್ಕಷ್ಟು ಸಂತೋಷವಾಯಿತು. ಹತ್ತಿ, ಸಿಸಾಲ್, ಫೆಲ್ಟ್ ಮೂರೂ 5911.90ಕ್ಕೆ ಹೋದವು. ಯಂತ್ರಕ್ಕೆ ಸಿಕ್ಕಿಸುವ ವಸ್ತುವಲ್ಲವೇ, ಯಂತ್ರದ ಭಾಗವೆನ್ನಬಾರದೇ ಎಂದು ಕೇಳುವವರಿದ್ದಾರೆ. ಯಂತ್ರಗಳ ವಿಭಾಗದ ಮೊದಲ ಟಿಪ್ಪಣಿಯೇ 5911ರ ವಸ್ತುಗಳನ್ನೂ 6804ರ ವಸ್ತುಗಳನ್ನೂ ಹೊರಗಿಡುತ್ತದೆ.

ಫ್ಲ್ಯಾಪ್ ವೀಲ್‌ನದು ಇನ್ನೊಂದು ದಾರಿ. ಅದರಲ್ಲಿ ಬಟ್ಟೆಯೂ ಇದೆ, ಹರಳೂ ಇದೆ. ಆದರೆ ಹರಳು ಬಟ್ಟೆಯ ಮೇಲೆ ಲೇಪವಾಗಿ ಕುಳಿತಿದೆ. ಮರಳು ಕಾಗದ ಇರುವ 6805 ಅದರ ಜಾಗ. ಆಧಾರ ನೇಯ್ದ ಬಟ್ಟೆಯಾದ್ದರಿಂದ 6805.10. ಜವಳಿ ವಿಭಾಗದ ಟಿಪ್ಪಣಿಯೂ ಹರಳು ಲೇಪಿಸಿದ ಬಟ್ಟೆಯನ್ನು ತನ್ನದಲ್ಲವೆಂದು ಅಲ್ಲಿಗೇ ಕಳುಹಿಸುತ್ತದೆ. ಮೇಸ್ತ್ರಿಯ ಹಳೆಯ ಪದ್ಧತಿಯೊಂದು ಇಲ್ಲಿ ನೆನಪಾಗುತ್ತದೆ. ಕ್ಯಾನ್ವಾಸ್ ಚಕ್ರದ ಅಂಚಿಗೆ ಬಿಸಿ ಅಂಟು ಬಳಿದು, ಎಮೆರಿ ಪುಡಿಯ ತಟ್ಟೆಯಲ್ಲಿ ಉರುಳಿಸಿ ಒಣಗಲು ಬಿಡುತ್ತಿದ್ದರು. ಉರುಳಿಸುವ ಮೊದಲು ಅದು 59ನೇ ಅಧ್ಯಾಯದ ವಸ್ತು. ಉರುಳಿಸಿದ ಮೇಲೆ ಗಡಿಗೆ ಬಂದಿದ್ದರೆ ನಾನು 68ನ್ನು ತೆರೆಯುತ್ತಿದ್ದೆ.

ತಂತಿಯ ಚಕ್ರ ಕುಂಚಗಳ ಮನೆಗೆ ಹೋಯಿತು, ಯಂತ್ರದ ಭಾಗವಾಗಿರುವ ಬ್ರಷ್ ಎಂದು 9603.50. ಇದರಲ್ಲಿ ವಾದವೇ ಇರಲಿಲ್ಲ.

ಈಗ ಕಳುಹಿಸುವವರಿಗೆ ನಾನು ಮೊದಲೇ ಬರೆಯುತ್ತೇನೆ: ಮೈ ಯಾವುದರದ್ದು, ಹರಳು ಇದೆಯೇ, ಇದ್ದರೆ ಒಳಗೆ ಬೆರೆತಿದೆಯೋ ಮೇಲೆ ಅಂಟಿದೆಯೋ, ಒಂದು ಚಿತ್ರ ಕಳುಹಿಸಿ. ಉತ್ತರ ಬರುವವರೆಗೆ ಸಂಖ್ಯೆ ಬರೆಯುವುದಿಲ್ಲ.

ಅಂದು ಆರು ಬಗೆಗಳನ್ನು ಆರು ಸಾಲುಗಳಲ್ಲಿ ತಿದ್ದಿ ಬರೆದು ಅಧಿಕಾರಿಗೆ ಕೊಟ್ಟೆ. ಅವರು ಓದಿ ತಲೆಯಾಡಿಸಿ, ಕೊನೆಯ ಪೆಟ್ಟಿಗೆಯ ತಳಕ್ಕೆ ಕೈಹಾಕಿ, ಎಣ್ಣೆ ಜಿನುಗಿದ ಕಾಗದದ ನಾಲ್ಕು ಪೊಟ್ಟಣಗಳನ್ನು ಹೊರತೆಗೆದರು. ಕಂದು ಮೇಣ. ಉಚಿತವಾಗಿ ಇಟ್ಟದ್ದರಿಂದ ಇನ್‌ವಾಯ್ಸ್‌ನಲ್ಲಿ ಇರಲಿಲ್ಲ. ಬೆಲೆ ಪಡೆಯದಿದ್ದರೂ ಗಡಿ ದಾಟುವ ಸರಕಿಗೆ ಮೌಲ್ಯ ಘೋಷಿಸಲೇಬೇಕು. ಕಾಗದವನ್ನು ಹಿಂದಕ್ಕೆ ಪಡೆದು ಏಳನೆಯ ಸಾಲು ಬರೆದೆ: ಲೋಹಕ್ಕೆ ಹೊಳಪು ಕೊಡುವ ಮೇಣ, 4 ಬಿಲ್ಲೆ, ಶೀರ್ಷಿಕೆ 3405.