ಅಷ್ಟೊಂದು ಇಸವಿ ಹೇಗೆ ಬಾಯಿಪಾಠ ಮಾಡೋದು?

ಇಲ್ಲಿ ಅಮೆರಿಕದ ಹೈಸ್ಕೂಲಿನಲ್ಲಿ ನಾನು ಹಿಸ್ಟರಿ ಕಲಿಸುತ್ತೇನೆಂದು ತಿಳಿದರೆ ಸಾಕು, ಕನ್ನಡ ಕೂಟದ ಊಟದ ಸಾಲಿನಲ್ಲೇ ಯಾರಾದರೂ ಹಿಡಿದುಕೊಳ್ಳುತ್ತಾರೆ: "ಮಗಳು ಎಪಿ ಯುರೋಪಿಯನ್ ಹಿಸ್ಟರಿ ತೊಗೊಂಡಿದಾಳೆ. ಅಷ್ಟೊಂದು ಹೆನ್ರಿಗಳು, ಲೂಯಿಗಳು, ಇಸವಿಗಳು! ಹೇಗೆ ಬಾಯಿಪಾಠ ಮಾಡೋದು?"

ಮಾಡಬೇಡಿ. ಎಪಿ ಎಂದರೆ ಹೈಸ್ಕೂಲಿನಲ್ಲೇ ಓದುವ ಕಾಲೇಜು ಮಟ್ಟದ ಕೋರ್ಸು. ಇದರ ಪಾಠ 1450ರ ಸುಮಾರಿಗೆ ಶುರುವಾಗುತ್ತದೆ. ಅಲ್ಲಿಂದ ಫ್ರೆಂಚ್ ಕ್ರಾಂತಿಯವರೆಗೆ 1517 (ಜರ್ಮನ್ ಸನ್ಯಾಸಿ ಮಾರ್ಟಿನ್ ಲೂಥರ್ ಪೋಪನ ಚರ್ಚಿನ ವಿರುದ್ಧ ದನಿಯೆತ್ತಿದ್ದು), 1555 (ಜರ್ಮನ್ ದೊರೆಗಳು ಲೂಥರ್‌ನ ಪಂಥಕ್ಕೂ ಸೇರಬಹುದೆಂಬ ಒಪ್ಪಂದ), 1648 (ಮೂವತ್ತು ವರ್ಷದ ಯುದ್ಧ ಮುಗಿದದ್ದು), 1688 (ಇಂಗ್ಲೆಂಡಿನಲ್ಲಿ ರಾಜನನ್ನು ಇಳಿಸಿದ ಕ್ರಾಂತಿ), 1789 (ಫ್ರೆಂಚ್ ಕ್ರಾಂತಿ) ನೆನಪಿದ್ದರೆ ಉಳಿದದ್ದನ್ನು ಇವುಗಳ ಹಿಂದೆಮುಂದೆ ಕೂರಿಸಿಕೊಳ್ಳಬಹುದು. ಪರೀಕ್ಷೆಯ ಅಂಕದಲ್ಲಿ ಕಾಲು ಭಾಗ, ಕೊಟ್ಟ ದಾಖಲೆಗಳನ್ನು ಓದಿ ಬರೆಯುವ ಡಿಬಿಕ್ಯೂ ಎಂಬ ಒಂದೇ ಪ್ರಬಂಧಕ್ಕೆ: ಏಳು ದಾಖಲೆ, 60 ನಿಮಿಷ. ಬರೆದವರು ಯಾರು, ಯಾರಿಗೆ ಬರೆದರು, ಆಗಲೇ ಯಾಕೆ ಬರೆದರು ಎಂದು ಹೇಳಬೇಕು.

ನಾನು ಇದನ್ನು ಕಲಿಸುವುದು 1525ರ ಜರ್ಮನ್ ರೈತರ ದಂಗೆಯಿಂದ. ಮೆಮಿಂಗೆನ್ ಊರಿನಲ್ಲಿ ರೈತರು ಹನ್ನೆರಡು ಬೇಡಿಕೆ ಬರೆದರು. ನಮ್ಮ ಪಾದ್ರಿಯನ್ನು ನಾವೇ ಆರಿಸುತ್ತೇವೆ, ಕಾಡಿನ ಸೌದೆ, ಹೊಳೆಯ ಮೀನು ನಮಗೂ ಸಿಗಬೇಕು, ಜೀತ ಹೋಗಬೇಕು. ಕ್ರಿಸ್ತ ರಕ್ತ ಸುರಿಸಿದ್ದು ಕುರಿ ಕಾಯುವವನಿಗೂ ಸೇರಿಸಿಯೇ ಅಲ್ಲವೇ ಎಂಬುದು ಅವರ ವಾದ. ನಮ್ಮದು ತಪ್ಪೆಂದು ಬೈಬಲ್ಲಿನಿಂದ ತೋರಿಸಿದರೆ ಬಿಟ್ಟುಬಿಡುತ್ತೇವೆ ಎಂದೂ ಸೇರಿಸಿದರು. ಧೈರ್ಯ ನೋಡಿ!

ಧರ್ಮದ ವಿಷಯಕ್ಕೆ ಬೈಬಲ್ಲೇ ಪ್ರಮಾಣ ಎಂದು ಸಾರಿದ್ದ ಲೂಥರ್ ಮೊದಲು ದೊರೆಗಳನ್ನೂ ಬೈದ. ದಂಗೆ ಹಬ್ಬಿದ ಮೇಲೆ, ರೈತರನ್ನು ಹುಚ್ಚುನಾಯಿಯನ್ನು ಕೊಂದಂತೆ ಕೊಲ್ಲಿ ಎಂದು ಬರೆದ. ಸತ್ತವರು ಒಂದು ಲಕ್ಷದವರೆಗೂ ಇರಬಹುದೆಂದು ಅಂದಾಜು.

ರೈತರ ಬೇಡಿಕೆ, ಲೂಥರ್‌ನ ಬರಹ ಎರಡನ್ನೂ ಪಕ್ಕಪಕ್ಕ ಇಟ್ಟು ಓದಿಸಿದರೆ ಮಕ್ಕಳು ಲೂಥರ್‌ನ ಬಗ್ಗೆ ಮೊದಲು ಹೇಳುವುದು, "ಮೋಸಗಾರ!" 1521ರಲ್ಲಿ ಲೂಥರ್‌ನನ್ನು ವಾರ್ಟ್‌ಬರ್ಗ್ ಕೋಟೆಯಲ್ಲಿ ಬಚ್ಚಿಟ್ಟು ಉಳಿಸಿದ್ದು ಸ್ಯಾಕ್ಸನಿಯ ದೊರೆ ಎಂದು ನೆನಪಿಸುತ್ತೇನೆ. ಆಗ "ಹೆದರಿದ" ಎನ್ನುತ್ತಾರೆ. ಅಷ್ಟಕ್ಕೇ ನಿಲ್ಲಿಸಿದರೆ ಸಾಲದು. ಕ್ರಿಸ್ತನ ಹೆಸರಿನ ಬಿಡುಗಡೆ ಆತ್ಮಕ್ಕೆ ಸೇರಿದ್ದು, ಜೀತಕ್ಕೂ ಅದಕ್ಕೂ ಸಂಬಂಧವಿಲ್ಲ ಎಂದು ಅವನು ನಿಜವಾಗಿ ನಂಬಿದ್ದ. ಹೆದರಿಕೆಯೋ ನಂಬಿಕೆಯೋ? ಇಲ್ಲಿ ಕ್ಲಾಸು ಎರಡು ಪಾಲಾಗುತ್ತದೆ. ನನ್ನ ವೋಟು ನಂಬಿಕೆಗೆ, ಆದರೆ ಮಕ್ಕಳಿಗೆ ಹೇಳುವುದಿಲ್ಲ.

ಇಷ್ಟು ಜಗಳವಾಡಿದ ಮಕ್ಕಳಿಗೆ 1525 ಬಾಯಿಪಾಠ ಮಾಡಿಸಬೇಕಿಲ್ಲ. ಎಂಟನೇ ಹೆನ್ರಿಯ ಆರು ಹೆಂಡತಿಯರ ಪಟ್ಟಿಯಂತೂ ಯಾರೂ ಹೇಳಿಕೊಡದೆಯೇ ಬಂದಿರುತ್ತದೆ.