ಹಬಕ್ಕೂಕನ ತಕರಾರು

ಸಿಟ್ಟು ಬಂದಾಗ ಬೈಬಲ್ ಓದು ಅಂತ ಯಾರಾದರೂ ಹೇಳಿದರೆ ನನಗೆ ಇನ್ನೂ ಜಾಸ್ತಿ ಸಿಟ್ಟು ಬರುತ್ತದೆ. ಆದರೂ ಓದುತ್ತೇನೆ. ನಮ್ಮದು ಮಾನ್ವಿ ಕಡೆ, ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆ ಭಾಗ. ಮೇಲಿನವರ ಗದ್ದೆ ತುಂಬಿದ ಮೇಲೆ ನಮಗೆ ನೀರು, ಅದೂ ಬಂದರೆ. ಈ ಸಲ ಭತ್ತ ಕಾಳು ಕಟ್ಟುವ ಹೊತ್ತಿಗೇ ನೀರು ನಿಂತಿತು, ನೆಲ ಬೆರಳು ತೂರುವಷ್ಟು ಬಿರುಕು ಬಿಟ್ಟಿತು, ಕೇಳಿದರೆ "ನಾಳೆ ಬಿಡ್ತೀವ್ರಿ" ಅನ್ನೋದೊಂದೇ ಮಾತು.

ಆಗ ನಾನು ತೆಗೆಯೋದು ಬೈಬಲಿನಲ್ಲಿರುವ ಹಬಕ್ಕೂಕ ಅನ್ನೋ ಪ್ರವಾದಿಯ ಪುಸ್ತಕ. ಬರೀ 3 ಅಧ್ಯಾಯ. ಪ್ರವಾದಿ ಶುರು ಮಾಡೋದೇ ದೇವರ ಜೊತೆ ಜಗಳದಿಂದ: ಎಷ್ಟು ದಿನ ಕೂಗಬೇಕು, ನೀನ್ಯಾಕೆ ಕೇಳುತ್ತಿಲ್ಲ, ಅನ್ಯಾಯ ನೋಡಿಯೂ ಯಾಕೆ ಸುಮ್ಮನಿದ್ದೀಯ ಅಂತ. ಅನ್ಯಾಯ ಮಾಡಿದವರನ್ನು ಶಿಕ್ಷಿಸೋಕೆ ಕಸ್ದೀಯರನ್ನು, ಅಂದರೆ ಬಾಬಿಲೋನಿನವರನ್ನು, ಎಬ್ಬಿಸುತ್ತೇನೆ ಅಂತ ದೇವರು ಉತ್ತರ ಕೊಟ್ಟರೆ ಅದಕ್ಕೂ ತಕರಾರು! ಇಂಥವನು ಪ್ರವಾದಿ ಆಗಬಹುದು ಅಂದರೆ ನನ್ನ ಗೊಣಗಾಟಕ್ಕೂ ಅಲ್ಲಿ ಜಾಗ ಇದೆ, ಅಲ್ವಾ?

ಕೊನೆಯಲ್ಲಿ ಅವನು ಅಂಜೂರ ಚಿಗುರದಿದ್ದರೂ, ದ್ರಾಕ್ಷಿ ಬಿಡದಿದ್ದರೂ, ಹೊಲ ಬೆಳೆ ಕೊಡದಿದ್ದರೂ, ಹಟ್ಟಿಯಲ್ಲಿ ಕುರಿ, ಕೊಟ್ಟಿಗೆಯಲ್ಲಿ ದನ ಇಲ್ಲದಿದ್ದರೂ ದೇವರಲ್ಲಿ ಸಂತೋಷಪಡುತ್ತೇನೆ ಅನ್ನುತ್ತಾನೆ. ಅಷ್ಟು ದೂರ ನಾನಿನ್ನೂ ಹೋಗಿಲ್ಲ. ನನಗೆ ಸಮಾಧಾನ ಕೊಡೋದು ಆ ಪಟ್ಟಿಯೇ. ಇಲ್ಲದ್ದನ್ನು ಒಂದೊಂದಾಗಿ ಹೆಸರು ಹಿಡಿದು ಹೇಳುತ್ತಾನೆ, ಎಲ್ಲ ಚೆನ್ನಾಗಿದೆ ಅಂತ ಸುಮ್ನೆ ನಗುವುದಿಲ್ಲ.

ನಮ್ಮವ್ವಗೆ ಈ ಪುಸ್ತಕ ಅಷ್ಟಕ್ಕಷ್ಟೇ. "13ನೇ ಕೀರ್ತನೆ ಓದಪ್ಪ, ಸಣ್ಣದೈತಿ" ಅಂತಾಳೆ. ಬೈಬಲಿನ ಕೀರ್ತನೆಗಳ ಪುಸ್ತಕದ ಆ ಹಾಡೂ ಇದೇ ಜಾತಿಯದು, ಎಷ್ಟರವರೆಗೆ ಎಷ್ಟರವರೆಗೆ ಅಂತ ದೇವರನ್ನು ಕೇಳುತ್ತಲೇ ಶುರುವಾಗುತ್ತದೆ.